ಮುದ್ರೆ ಒತ್ತಿಸುವ ಮೊದಲು ಹೆಸರು ನೋಡಿಕೊಳ್ಳಿ

“ಫ್ಯಾಮಿಲಿ ವೀಸಾಕ್ಕೆ ಅರ್ಜಿ ಹಾಕ್ತಿದ್ದೇನೆ. ಮದುವೆ ಸರ್ಟಿಫಿಕೇಟು, ಮಗಳ ಬರ್ತ್ ಸರ್ಟಿಫಿಕೇಟು ಎರಡನ್ನೂ ಅಟೆಸ್ಟ್ ಮಾಡಿಸಿ ಇಡು.”

ದುಬೈಯಿಂದ ಪತಿರಾಯರ ಇಂಥದ್ದೊಂದು ಫೋನ್ ಬಂದರೆ ಸಾಕು, ಮನೆಯಲ್ಲಿ ಹಬ್ಬ. ಸೂಟ್‌ಕೇಸು ಅಟ್ಟದಿಂದ ಕೆಳಗಿಳಿಯುತ್ತದೆ. ಉಪ್ಪಿನಕಾಯಿ, ಹಪ್ಪಳದ ಪಟ್ಟಿ ತಯಾರಾಗುತ್ತದೆ. ಆದರೆ ಕಪಾಟಿನ ಫೈಲಿನಲ್ಲಿರುವ ಕಾಗದಗಳನ್ನು ಒಮ್ಮೆ ಬಿಡಿಸಿ ಓದುವವರು ಎಷ್ಟು ಮಂದಿ?

ಉಡುಪಿ ಜಿಲ್ಲೆಯ ಉತ್ತರದ ತುದಿಯ ಶಿರೂರಿನಲ್ಲಿರುವ ನನ್ನ ನಾದಿನಿ ಓದಲಿಲ್ಲ. ಅವಳ ಮಗಳು ಹುಟ್ಟಿದ್ದು ತವರಿನ ಹತ್ತಿರದ ಆಸ್ಪತ್ರೆಯಲ್ಲಿ. ಹೆರಿಗೆಯ ಗಡಿಬಿಡಿಯಲ್ಲಿ ಫಾರಂ ತುಂಬಿಸಲು ವಿವರ ಹೇಳಿದ್ದು ನಮ್ಮತ್ತೆ. ತಾಯಿಯ ಹೆಸರು ಕೇಳಿದಾಗ ಮನೆಯಲ್ಲಿ ಕರೆಯುವ ಮುದ್ದಿನ ಹೆಸರನ್ನೇ ಹೇಳಿಬಿಟ್ಟರು. ಅದೇ ಜನನ ಪ್ರಮಾಣಪತ್ರದಲ್ಲಿ ಅಚ್ಚಾಯಿತು. ಪಾಸ್‌ಪೋರ್ಟಿನಲ್ಲಿ, ಮದುವೆ ಪತ್ರದಲ್ಲಿ ಇರುವುದು ಶಾಲೆಯ ಹೆಸರು. ಬೆಂಗಳೂರಿನ ಮುದ್ರೆ ಬಿತ್ತು, ವಿದೇಶಾಂಗ ಸಚಿವಾಲಯದ ಮುದ್ರೆಯೂ ಬಿತ್ತು. ಕೊನೆಗೆ ವೀಸಾದ ಹೊತ್ತಿಗೆ ಪ್ರಶ್ನೆ ಎದ್ದಿತು: ಈ ಮಗುವಿನ ತಾಯಿ ಯಾರು?

“ಅತ್ತಿಗೆ, ಈಗ ಎಂತ ಮಾಡುದು?” ಎಂದು ಅವಳು ಅತ್ತಾಗ ನನಗೂ ಉತ್ತರ ಗೊತ್ತಿರಲಿಲ್ಲ. ಹೆಸರು ತಿದ್ದಿಸಿ, ಹೊಸ ಪತ್ರ ಪಡೆದು, ಎಲ್ಲ ಮುದ್ರೆಗಳನ್ನೂ ಮೊದಲಿನಿಂದ ಒತ್ತಿಸಬೇಕಾಯಿತು. ಅಷ್ಟರಲ್ಲಿ ಏಪ್ರಿಲ್ ದಾಟಿ, ಅಲ್ಲಿನ ಭಾರತೀಯ ಶಾಲೆಯಲ್ಲಿ ಮಗುವಿನ ಸೀಟೂ ಕೈತಪ್ಪಿತು. ಹಣ ಹೋದದ್ದಕ್ಕಿಂತ, ಅಪ್ಪನ ಜತೆ ಇರಬೇಕಿದ್ದ ಒಂದು ವರ್ಷ ಹೋಯಿತಲ್ಲ ಎಂಬುದೇ ಅವಳ ಸಂಕಟ. ನಿಮಗೆ ಹಾಗಾಗದಿರಲಿ ಎಂದೇ ಈ ಬರಹ.

ಮುದ್ರೆ ಹೇಳುವುದೇನು?

ಇಷ್ಟು ಮುದ್ರೆ ಬಿದ್ದಿದೆ, ಅಂದಮೇಲೆ ಕಾಗದ ಸರಿಯೇ ಇರಬೇಕು ಎಂದು ನಾವು ತಿಳಿಯುತ್ತೇವೆ. ಹಾಗಲ್ಲ. ಪ್ರತಿಯೊಂದು ಕಚೇರಿಯೂ ತನಗಿಂತ ಕೆಳಗಿನ ಕಚೇರಿಯ ಸಹಿ ಮತ್ತು ಮುದ್ರೆ ಅಸಲಿ ಎಂದಷ್ಟೇ ಹೇಳುತ್ತದೆ. ಒಳಗೆ ಬರೆದಿರುವ ಹೆಸರು, ತಾರೀಕು ಸರಿಯೇ ಎಂದು ಯಾರೂ ನೋಡುವುದಿಲ್ಲ. ಮುದ್ರೆ ಒತ್ತುವವರು ತಪ್ಪು ತಿದ್ದುವವರಲ್ಲ. ತಪ್ಪು ತಿದ್ದುವುದು ಏನಿದ್ದರೂ ಬುಡದಲ್ಲೇ, ಪತ್ರ ಕೊಟ್ಟ ಕಚೇರಿಯಲ್ಲೇ ಆಗಬೇಕು.

ಮೂರು ಮೆಟ್ಟಿಲು

ಮೊದಲನೆಯದು ರಾಜ್ಯ ಸರಕಾರ. ಜನನ, ಮದುವೆ, ಮರಣದಂಥ ವೈಯಕ್ತಿಕ ಪತ್ರಗಳಿಗೆ ಗೃಹ ಇಲಾಖೆ, ಅಂಕಪಟ್ಟಿ, ಪದವಿ ಪತ್ರಗಳಿಗೆ ಶಿಕ್ಷಣ ಇಲಾಖೆ. ಪತ್ರ ಯಾವ ರಾಜ್ಯದ್ದೋ ಆ ರಾಜ್ಯದಲ್ಲೇ ಇದು ಆಗಬೇಕು. ಮುಂಬೈಯಲ್ಲಿ ಡಿಗ್ರಿ ಓದಿದವರು ಬೆಂಗಳೂರಿಗೆ ಹೋದರೆ ಪ್ರಯೋಜನವಿಲ್ಲ.

ಎರಡನೆಯದು ಕೇಂದ್ರದ ವಿದೇಶಾಂಗ ಸಚಿವಾಲಯ. 2012ರಿಂದ ಅದು ಜನರಿಂದ ನೇರವಾಗಿ ಕಾಗದ ತೆಗೆದುಕೊಳ್ಳುವುದಿಲ್ಲ. ತಾನೇ ನೇಮಿಸಿದ ಸಂಸ್ಥೆಗಳ ಮೂಲಕ ಪಡೆಯುತ್ತದೆ. ಮೊದಲು ದೆಹಲಿಗೇ ಹೋಗಬೇಕಿದ್ದ ಈ ಕೆಲಸ 2019ರಿಂದ ಬೆಂಗಳೂರಿನಲ್ಲೂ ಆಗುತ್ತದೆ.

ಮೂರನೆಯದು ನೀವು ಹೋಗುವ ದೇಶವನ್ನು ನೋಡಿಕೊಂಡು ಬದಲಾಗುತ್ತದೆ. ‘ಅಪೋಸ್ಟಿಲ್’ ಎಂಬ ಹೆಸರು ಕೇಳಿರಬಹುದು. 1961ರ ಹೇಗ್ ಒಪ್ಪಂದಕ್ಕೆ ಸೇರಿದ ದೇಶಗಳು ಒಂದರ ಕಾಗದವನ್ನು ಇನ್ನೊಂದು ಒಪ್ಪಲು ಮಾಡಿಕೊಂಡ ಏರ್ಪಾಡು ಅದು. ಭಾರತದಲ್ಲಿ ಇದು 2005ರಲ್ಲಿ ಜಾರಿಗೆ ಬಂತು. ವಿದೇಶಾಂಗ ಸಚಿವಾಲಯ ನಿಮ್ಮ ಪತ್ರದ ಹಿಂದೆ ಸಂಖ್ಯೆ ಇರುವ ಚೌಕದ ಸ್ಟಿಕ್ಕರ್ ಅಂಟಿಸಿದರೆ ಮುಗಿಯಿತು, ರಾಯಭಾರ ಕಚೇರಿಗೆ ಅಲೆಯಬೇಕಿಲ್ಲ. ಒಮಾನ್ 2012ರಲ್ಲಿ, ಬಹ್ರೇನ್ 2013ರಲ್ಲಿ, ಸೌದಿ ಅರೇಬಿಯಾ 2022ರಲ್ಲಿ, ಕೆನಡಾ 2024ರಲ್ಲಿ ಈ ಏರ್ಪಾಡಿಗೆ ಬಂದವು. ದುಬೈ, ಅಬುಧಾಬಿಗಳಿರುವ ಯುಎಇ, ಕತಾರ್, ಕುವೈತ್‌ಗಳಿಗಾದರೆ ಸಚಿವಾಲಯದ ಮುದ್ರೆಯ ಮೇಲೆ ಆ ದೇಶದ ರಾಯಭಾರ ಕಚೇರಿಯ ಮುದ್ರೆ, ಆಮೇಲೆ ಅಲ್ಲಿಗೆ ಹೋದ ಮೇಲೆ ಅಲ್ಲಿನ ವಿದೇಶಾಂಗ ಇಲಾಖೆಯ ಮುದ್ರೆ. ಹತ್ತು ವರ್ಷದ ಹಿಂದೆ ಪಕ್ಕದ ಮನೆಯವರು ಸೌದಿಗೆ ಹೋಗುವಾಗ ಮಾಡಿಸಿದ್ದನ್ನೇ ನೀವೂ ಮಾಡಿಸಲು ಹೊರಡಬೇಡಿ. ನಿಯಮ ಈಗ ಏನಿದೆ ಎಂದು ಕೇಳಿಕೊಳ್ಳಿ.

ಯಾವ ಊರಿನ ಪತ್ರ?

ಜನನ ನೋಂದಣಿ ಆಗುವುದು ಮನೆಯಿರುವ ಊರಿನಲ್ಲಲ್ಲ, ಮಗು ಹುಟ್ಟಿದ ಜಾಗದಲ್ಲಿ. ಶಿರೂರಿನವರ ಮಗು ಭಟ್ಕಳದ ಆಸ್ಪತ್ರೆಯಲ್ಲಿ ಹುಟ್ಟಿದ್ದರೆ ಅದರ ದಾಖಲೆ ಉತ್ತರ ಕನ್ನಡ ಜಿಲ್ಲೆಯದು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಿದ್ದರೆ ತವರಿನ ಕಡೆಗೇ ಹೋಗಬೇಕು. ಇದು ಗೊತ್ತಿಲ್ಲದೆ ಊರಿನ ಕಚೇರಿಗೆ ಹತ್ತಾರು ಸಲ ತಿರುಗಿದವರಿದ್ದಾರೆ.

ಹೆಸರು ತಪ್ಪಿದ್ದರೆ 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಮಿನಡಿ ತಿದ್ದಿಸಬಹುದು. ಹಳೆಯ ಬರಹವನ್ನು ಅಳಿಸದೆ ಅಂಚಿನಲ್ಲಿ ಸರಿಯಾದುದನ್ನು ನಮೂದಿಸುತ್ತಾರೆ. ಅದಕ್ಕೆ ಅಫಿಡವಿಟ್, ಶಾಲಾ ದಾಖಲೆ ಮುಂತಾದ ಆಧಾರ ಕೊಡಬೇಕು. ಬ್ಲೇಡಿನಿಂದ ಕೆರೆದು, ಪೆನ್ನಿನಿಂದ ತಿದ್ದುವ ಸಾಹಸ ಮಾತ್ರ ಬೇಡವೇ ಬೇಡ.

ಎಲ್ಲ ವ್ಯತ್ಯಾಸವೂ ತಪ್ಪಲ್ಲ ಎಂಬುದೂ ನೆನಪಿರಲಿ. ಉಡುಪಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮೊದಲು ಹುಟ್ಟಿದವರ ಹಳೇ ಪತ್ರದಲ್ಲಿ ಜಿಲ್ಲೆ ‘ದಕ್ಷಿಣ ಕನ್ನಡ’ ಎಂದೇ ಇರುತ್ತದೆ. ಬೈಂದೂರು 2018ರಲ್ಲಿ ಬೇರೆ ತಾಲೂಕಾಗುವ ತನಕ ಶಿರೂರು ಇದ್ದದ್ದು ಕುಂದಾಪುರ ತಾಲೂಕಿನಲ್ಲಿ. ಇವು ಆಯಾ ಕಾಲದ ಸರಿಯಾದ ವಿವರಗಳು. ಆದರೆ ಇಂಗ್ಲಿಷಿನಲ್ಲಿ ಶಿರೂರನ್ನು ಒಂದು ಪತ್ರದಲ್ಲಿ ‘ಯು’ ಹಾಕಿ, ಇನ್ನೊಂದರಲ್ಲಿ ಎರಡು ‘ಓ’ ಹಾಕಿ ಬರೆದಿದ್ದರೆ ಮೊದಲೇ ಗಮನಿಸಿ. ಇನಿಷಿಯಲ್ ಬಿಡಿಸಿ ಬರೆದದ್ದು, ಮದುವೆಯ ನಂತರ ಗಂಡನ ಹೆಸರು ಸೇರಿದ್ದು ಇವೂ ಅಷ್ಟೇ. ಪಾಸ್‌ಪೋರ್ಟನ್ನು ಎದುರಿಗಿಟ್ಟುಕೊಂಡು ಒಂದೊಂದೇ ಅಕ್ಷರ ತಾಳೆ ನೋಡಿ.

ಮದುವೆಗೆ ಕಲ್ಯಾಣ ಮಂಟಪದ ರಸೀದಿ, ಲಗ್ನಪತ್ರಿಕೆ ಸಾಲದು. ಸರಕಾರಿ ನೋಂದಣಿ ಪತ್ರವೇ ಬೇಕು. ಇನ್ನೂ ನೋಂದಣಿ ಮಾಡಿಸದಿದ್ದರೆ ಯಜಮಾನರು ಮುಂದಿನ ರಜೆಗೆ ಬಂದಾಗ ಮೊದಲ ಕೆಲಸ ಅದೇ ಆಗಲಿ.

ಅನುವಾದ ಎಲ್ಲಿ, ಯಾರಿಂದ?

ಹಳೆಯ ಜನನ ಪತ್ರ ಕೈಬರಹದ ಕನ್ನಡದಲ್ಲಿದ್ದರೆ ಅದನ್ನು ಅನುವಾದ ಮಾಡಿಸುವ ಮೊದಲು, ಕನ್ನಡ-ಇಂಗ್ಲಿಷ್ ಎರಡೂ ಇರುವ ಹೊಸ ಪ್ರತಿ ಸಿಗುತ್ತದೆಯೇ ಎಂದು ವಿಚಾರಿಸಿ. ಸಿಕ್ಕರೆ ಅನುವಾದದ ಖರ್ಚೇ ಉಳಿಯಿತು.

ಅರಬ್ಬಿ ಅನುವಾದವನ್ನು ಇಲ್ಲೇ ಅವಸರದಲ್ಲಿ ಮಾಡಿಸಬೇಡಿ. ಯುಎಇಯಲ್ಲಿ ಅಲ್ಲಿನ ನ್ಯಾಯ ಇಲಾಖೆಯ ಪರವಾನಗಿ ಇರುವ ಅನುವಾದಕರೇ ಮಾಡಬೇಕು. ಮುದ್ರೆಗಳೆಲ್ಲ ಬಿದ್ದ ಮೇಲೆ ಅಲ್ಲಿ ಮಾಡಿಸಿದರೆ ಮುದ್ರೆಯ ಬರಹವೂ ಅನುವಾದದಲ್ಲಿ ಸೇರುತ್ತದೆ. ಕೆನಡಾದ ವಲಸೆ ಅರ್ಜಿಗಾದರೆ ಮನೆಯವರು ಮಾಡಿದ ಅನುವಾದ ನಡೆಯುವುದಿಲ್ಲ. “ನಮ್ಮ ಭಾವ ಇಂಗ್ಲಿಷ್ ಮೇಷ್ಟ್ರು, ಅವರೇ ಬರೆದುಕೊಡ್ತಾರೆ ಮಾರಾಯ್ರೆ” ಎಂದರೆ ಆಗದು. ಅನುವಾದ ಯಾರಿಂದ ಆಗಬೇಕು ಎಂದು ಕಾಗದ ಕೇಳಿದ ಕಚೇರಿಯನ್ನೇ ಮೊದಲು ಕೇಳಿ. ಮತ್ತೊಂದು ಮಾತು: ಅನುವಾದಕರು ಇದ್ದದ್ದನ್ನು ಇದ್ದಂತೆ ಬರೆಯಬೇಕು. ಹಳೆಯ ಪತ್ರದ ‘ದಕ್ಷಿಣ ಕನ್ನಡ’ವನ್ನು ಉಪಕಾರಕ್ಕೆಂದು ‘ಉಡುಪಿ’ ಎಂದು ಬದಲಿಸಿದರೆ ಅದೇ ಅಪಕಾರ.

ಏಜೆಂಟರ ಕೈಗೆ ಕೊಡುವ ಮುನ್ನ

ಮನೆ, ಮಕ್ಕಳನ್ನು ಬಿಟ್ಟು ಬೆಂಗಳೂರಿಗೆ ಓಡಾಡುವುದು ಎಲ್ಲರಿಗೂ ಸಾಧ್ಯವಿಲ್ಲ. ಏಜೆಂಟರ ಸಹಾಯ ಪಡೆಯುವುದರಲ್ಲಿ ತಪ್ಪೇನಿಲ್ಲ. ಆದರೆ ಈ ಎಚ್ಚರಿಕೆಗಳಿರಲಿ.

* ಅಸಲು ಪತ್ರ ಕೊಡುವಾಗ ಪತ್ರದ ಸಂಖ್ಯೆ ಸಹಿತ ರಸೀದಿ ಪಡೆಯಿರಿ. ಎರಡೂ ಬದಿಯ ಜೆರಾಕ್ಸ್ ಮನೆಯಲ್ಲಿರಲಿ.

* ಸರಕಾರಿ ಶುಲ್ಕ ಎಷ್ಟು, ಅವರ ಕೂಲಿ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಅಪೋಸ್ಟಿಲ್‌ಗೆ ಸಚಿವಾಲಯ ನಿಗದಿ ಮಾಡಿದ ಶುಲ್ಕ ಪತ್ರವೊಂದಕ್ಕೆ 50 ರೂಪಾಯಿ. ಉಳಿದದ್ದೆಲ್ಲ ಸೇವಾ ಶುಲ್ಕ, ಓಡಾಟದ ಖರ್ಚು. ಸಾವಿರಗಟ್ಟಲೆ ಕೇಳಿದರೆ ಲೆಕ್ಕ ಕೇಳಲು ಸಂಕೋಚ ಬೇಡ.

* ಸರ್ಟಿಫಿಕೇಟುಗಳಿಗೆ ಲ್ಯಾಮಿನೇಶನ್ ಮಾಡಿಸಬೇಡಿ. ಪ್ಲಾಸ್ಟಿಕ್ಕಿನ ಮೇಲೆ ಮುದ್ರೆ ಕೂರುವುದಿಲ್ಲ. ಈಗಾಗಲೇ ಮಾಡಿಸಿದ್ದರೆ ಎಳೆದು ಬಿಡಿಸಲು ಹೋಗಬೇಡಿ. ಹೊಸ ಪ್ರತಿ ಸಿಗುತ್ತದೆಯೇ ಕೇಳಿ.

* “ಹೆಸರಿನ ವ್ಯತ್ಯಾಸ ನಾವು ಅಡ್ಜಸ್ಟ್ ಮಾಡ್ತೇವೆ” ಎನ್ನುವವರಿಂದ ದೂರವಿರಿ. ನಕಲಿ ಮುದ್ರೆ ಬಿದ್ದ ಕಾಗದ ಸಿಕ್ಕಿಬಿದ್ದರೆ ಪರದೇಶದಲ್ಲಿ ಉತ್ತರ ಕೊಡಬೇಕಾದವರು ನೀವು, ಏಜೆಂಟರಲ್ಲ.

ನಮ್ಮ ನಾದಿನಿ ಮರುವರ್ಷ ಮಗಳೊಂದಿಗೆ ವಿಮಾನ ಹತ್ತಿದಳು. ಹೋಗುವ ಮುನ್ನ ಅವಳು ಮಾಡಿದ ಒಂದು ಕೆಲಸ ನನಗೆ ಹಿಡಿಸಿತು. ಹೆರಿಗೆಗೆ ದಿನ ಎಣಿಸುತ್ತಿದ್ದ ಪಕ್ಕದ ಮನೆಯ ಹುಡುಗಿಗೆ ತನ್ನ ಪೂರ್ತಿ ಹೆಸರು, ಗಂಡನ ಹೆಸರು, ಊರು ಎಲ್ಲವನ್ನೂ ಪಾಸ್‌ಪೋರ್ಟಿನಲ್ಲಿದ್ದಂತೆ ಚೀಟಿಯಲ್ಲಿ ಬರೆಸಿ, ಆಸ್ಪತ್ರೆಗೆ ಒಯ್ಯುವ ಚೀಲದಲ್ಲಿ ಮಗುವಿನ ಬಟ್ಟೆಯ ಜತೆ ಇಡಿಸಿದಳು.

ನಿಮ್ಮ ಮನೆಯಲ್ಲೂ ಬಸುರಿಯಿದ್ದರೆ ಇಂದೇ ಅಂಥದ್ದೊಂದು ಚೀಟಿ ಬರೆದಿಡಿ. ಇಲ್ಲವಾದರೆ ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಅರ್ಧ ಗಂಟೆ ಬಿಡುವು ಮಾಡಿಕೊಂಡು ಕಪಾಟಿನ ಫೈಲನ್ನು ಹೊರಗೆ ತೆಗೆಯಿರಿ. ತಪ್ಪು ಇಂದೇ ಕಣ್ಣಿಗೆ ಬಿದ್ದರೆ ಒಂದು ಕಚೇರಿಯ ಕೆಲಸ. ನಾಲ್ಕು ಮುದ್ರೆ ಬಿದ್ದ ಮೇಲೆ ಕಂಡರೆ ಐದು ಕಚೇರಿಯ ಅಲೆದಾಟ.