ಮಂಜು ಕುಡಿಯುವ ಮರ, ಮನಸ್ಸು ಬದಲಿಸುವ ಕೋವಿ

ನಸುಕಿನಲ್ಲಿ ಸ್ಕಂದಗಿರಿ ಹತ್ತಿದವರಿಗೆ ಗೊತ್ತು: ದೂರಕ್ಕೆ ಮೋಡದ ಕಡಲಾಗಿ ಕಾಣುವ ಮಂಜು, ಹತ್ತಿರ ಬಂದರೆ ಅಂಗಿಯನ್ನು ತೋಯಿಸುತ್ತದೆ. ಬಿಸಿಲೇರಿದರೆ ಅದೇ ಬೆಟ್ಟದಲ್ಲಿ ತುಟಿ ಒಡೆಯುವಷ್ಟು ಒಣಗಾಳಿ. ಕಳವಾರದುರ್ಗ ಎಂದೂ ಕರೆಯುವ, ಸುಮಾರು 1,450 ಮೀಟರ್ ಎತ್ತರದ ಈ ಬೆಟ್ಟದ ಪಾಳುಗೋಡೆಯ ಮೇಲೆ ಕೂತರೆ ನಂದಿದುರ್ಗ ಕಾಣುತ್ತದೆ. 1791ರ ಅಕ್ಟೋಬರ್‌ನಲ್ಲಿ ಬ್ರಿಟಿಷರ ಕಾರ್ನ್‌ವಾಲಿಸ್‌ನ ಸೈನ್ಯ ಟಿಪ್ಪುವಿನಿಂದ ಕಿತ್ತುಕೊಂಡದ್ದು ಆ ಕೋಟೆಯನ್ನೇ. ಆ ಕಾಲದ ಹೆಚ್ಚಿನ ಬಂದೂಕುಗಳ ನಳಿಗೆ ಒಳಗಡೆ ನುಣುಪು. ನೂರು ಮೀಟರ್ ಆಚೆ ನಿಂತವನಿಗೆ ಗುಂಡು ತಾಗಿದರೆ ಅದು ಅವನ ದುರದೃಷ್ಟ ಅಷ್ಟೆ. ಅಂಥ ಬಂದೂಕಿನ ಮರ ಮಳೆಗೆ ಉಬ್ಬಿದರೆಷ್ಟು, ಬಿಟ್ಟರೆಷ್ಟು?

ನಳಿಗೆಯೊಳಗೆ ಸುರುಳಿಗೆರೆ ಕೊರೆದು, ಗುಂಡನ್ನು ಬುಗುರಿಯಂತೆ ತಿರುಗಿಸಿ ಬಿಡುವ ರೈಫಲ್ ರೂಢಿಗೆ ಬಂದ ಮೇಲೆ ಲೆಕ್ಕ ಬದಲಾಯಿತು. ನಳಿಗೆಯನ್ನು ಹೊತ್ತು ಭುಜಕ್ಕೆ ಒರಗುವ ಮರಕ್ಕೆ ಸ್ಟಾಕ್ ಎನ್ನುತ್ತಾರೆ. ಗುರಿ ಕೆಡಿಸುವುದರಲ್ಲಿ ಅದರದೂ ಪಾಲಿದೆ ಎಂಬುದು ಆಗ ಬಯಲಾಯಿತು.

ಮಳೆಗಾಲದಲ್ಲಿ ಬಚ್ಚಲುಮನೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದಲ್ಲ, ಅದೇ ಕತೆ. ಕಡಿದು ಎಷ್ಟು ವರ್ಷವಾದರೂ ಮರ ಗಾಳಿಯ ತೇವವನ್ನು ಹೀರುವುದನ್ನೂ ಬಿಡುವುದನ್ನೂ ನಿಲ್ಲಿಸುವುದಿಲ್ಲ. ಎಣ್ಣೆ, ವಾರ್ನಿಶ್ ಅದನ್ನು ನಿಧಾನಿಸುತ್ತವೆ, ತಡೆಯುವುದಿಲ್ಲ. ಎಳೆಯ ಉದ್ದಕ್ಕೆ ಮರ ಹಿಗ್ಗುವುದು ತೀರಾ ಕಡಿಮೆ, ಅಡ್ಡಕ್ಕೆ ಹೆಚ್ಚು. ಸ್ಟಾಕಿಗೆ ಹೆಸರಾದ ಅಕ್ರೋಟದ ಮರವನ್ನೇ ತೆಗೆದುಕೊಳ್ಳಿ. ಅದರೊಳಗಿನ ತೇವ ಶೇ 8ರಿಂದ 18ಕ್ಕೆ ಏರಿದರೆ 4 ಸೆಂ.ಮೀ. ಅಗಲದ ತುಂಡು ಮುಕ್ಕಾಲರಿಂದ ಒಂದು ಮಿ.ಮೀ. ಉಬ್ಬುತ್ತದೆ. ಅದೂ ಎಲ್ಲ ಕಡೆ ಒಂದೇ ಸಮ ಉಬ್ಬದೆ, ಒಂದಿಷ್ಟು ಸೊಟ್ಟಗಾಗುತ್ತದೆ.

ಚಿಕ್ಕಬಳ್ಳಾಪುರದ ಏಪ್ರಿಲ್ ಬಿಸಿಲಿನಲ್ಲಿ ಗುರಿ ಹೊಂದಿಸಿದ ರೈಫಲ್ಲನ್ನು ಜುಲೈನಲ್ಲಿ ಮಡಿಕೇರಿಗೆ ಒಯ್ದರೆ ಆಗುವುದು ಇದೇ. ಕೊಡಗಿನಲ್ಲಿ ಕೋವಿ ಮನೆಯ ಸದಸ್ಯನಿದ್ದಂತೆ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ವಿಸ್ತರಿಸಿತು. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್ ಮುಹೂರ್ತದಂದು ಕೋವಿಗೆ ತೋಕ್ ಪೂ ಎಂಬ ಹೂ ಸಿಕ್ಕಿಸಿ ಪೂಜಿಸುತ್ತಾರೆ. ಆಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಮರದ ಲೆಕ್ಕದಲ್ಲಿ ನೋಡಿದರೆ ಹಬ್ಬ ಬರುವುದು ಸರಿಯಾಗಿ ಕೆಟ್ಟ ಹೊತ್ತಿಗೇ: ಮೂರು ತಿಂಗಳ ಮಳೆ ಕುಡಿದು ಸ್ಟಾಕ್ ಉಬ್ಬಿರುತ್ತದೆ.

ಉಬ್ಬಿದರೆ ನಷ್ಟವೇನು? ಗುಂಡು ಹಾರಿದಾಗ ನಳಿಗೆ ಸುಮ್ಮನಿರುವುದಿಲ್ಲ, ಮೀಟಿದ ತಂತಿಯಂತೆ ನಡುಗುತ್ತದೆ. ಪಾಯಿಂಟ್ 22 ರೈಫಲ್ಲಿನಲ್ಲಿ ಗುಂಡು ನಳಿಗೆ ದಾಟಲು ಬೇಕಾದ್ದು ಸೆಕೆಂಡಿನ ಸಾವಿರ ಪಾಲಿನಲ್ಲಿ ಎರಡು ಮೂರು ಪಾಲು. ಅಷ್ಟರಲ್ಲೇ ನಡುಕ ಶುರುವಾಗಿರುತ್ತದೆ. ತಂಬೂರಿಯ ತಂತಿಯಡಿ ಜೀವಾಳದ ನೂಲನ್ನು ಕೂದಲೆಳೆಯಷ್ಟು ಸರಿಸಿದರೆ ನಾದವೇ ಬೇರೆಯಾಗುತ್ತದೆ. ಹಾಗೆಯೇ ಉಬ್ಬಿದ ಮರ ನಳಿಗೆಗೆ ಒಂದು ಕಡೆ ತಾಗಿದರೆ ನಡುಕದ ರೀತಿ ಬದಲಾಗಿ, ಗುಂಡು ಹೊರಬೀಳುವ ಕ್ಷಣದಲ್ಲಿ ನಳಿಗೆಯ ತುದಿ ಬೇರೆಲ್ಲೋ ನೋಡುತ್ತಿರುತ್ತದೆ. 60 ಸೆಂ.ಮೀ. ನಳಿಗೆಯ ತುದಿ 0.2 ಮಿ.ಮೀ.ಗಿಂತ ಕಡಿಮೆ ಓರೆಯಾದರೂ ಸಾಕು, 50 ಮೀಟರ್ ದೂರದಲ್ಲಿ ಗುಂಡು ಒಂದೂವರೆ ಸೆಂ.ಮೀ. ಆಚೆ ಬೀಳುತ್ತದೆ. ತೆಂಗಿನಕಾಯಿ ಅದನ್ನು ಕ್ಷಮಿಸುತ್ತದೆ. ಒಲಿಂಪಿಕ್ಸ್‌ನ 50 ಮೀಟರ್ ರೈಫಲ್ ಗುರಿಹಲಗೆಯ ಹತ್ತರ ವೃತ್ತ ಕ್ಷಮಿಸುವುದಿಲ್ಲ, ಅದರ ಅಡ್ಡಳತೆಯೇ 10.4 ಮಿ.ಮೀ.

ಅಮೆರಿಕದ ನೌಕಾಪದಾತಿಗಳು ಇದನ್ನು ವಿಯೆಟ್ನಾಂ ಕಾಡಿನಲ್ಲಿ ಕಲಿತರು. 1966ರಲ್ಲಿ ಬಂದ ಅವರ ಎಂ40 ಸ್ನೈಪರ್ ರೈಫಲ್ಲಿನ ಅಕ್ರೋಟದ ಸ್ಟಾಕ್ ಅಲ್ಲಿನ ತೇವಕ್ಕೆ ಸೊಟ್ಟಗಾಗತೊಡಗಿತು. 1970ರ ದಶಕದಲ್ಲಿ ಬಂದ ಅದರ ಮುಂದಿನ ಮಾದರಿಗೆ ಫೈಬರ್‌ಗ್ಲಾಸ್ ಸ್ಟಾಕ್ ಬಂತು.

ಹಾಗಾದರೆ ಪ್ಲಾಸ್ಟಿಕ್ ಹಾಕಿಸಿದರೆ ಮುಗಿಯಿತೇ? ಇಲ್ಲ. ಗಾಜಿನ ನೂಲನ್ನು ಎಪಾಕ್ಸಿ ಅಂಟಿನಲ್ಲಿ ಅದ್ದಿ ಪದರ ಪದರವಾಗಿ ಕಟ್ಟಿದ ಸ್ಟಾಕ್ ಬಿಗಿಯಾಗಿರುತ್ತದೆ, ದುಬಾರಿಯೂ ಹೌದು. ಅಗ್ಗದ್ದು ಬಕೆಟ್ಟಿನಂತೆ ಅಚ್ಚಿನಲ್ಲಿ ಎರಕ ಹೊಯ್ದದ್ದು. ಅದು ಸೊಟ್ಟಗಾಗುವುದಿಲ್ಲ ನಿಜ, ಆದರೆ ಬಾಗುತ್ತದೆ. ಮುಂಭಾಗವನ್ನು ಮರಳಚೀಲದ ಮೇಲೆ ಒತ್ತಿ ಹಿಡಿದರೆ ನಳಿಗೆಗೆ ತಾಗಿಬಿಡುತ್ತದೆ. ಇನ್ನು ನೈಲಾನ್ ನೀರು ಮುಟ್ಟುವುದೇ ಇಲ್ಲ ಎಂದುಕೊಳ್ಳಬೇಡಿ. ಮರದಷ್ಟಲ್ಲದಿದ್ದರೂ ಅದೂ ತೇವ ಹೀರುತ್ತದೆ.

ಬಂದೂಕು ರಿಪೇರಿ ಬಲ್ಲವರು ಮೊದಲು ರೂಪಾಯಿ ನೋಟೊಂದನ್ನು ಹಿಡಿದು ನಳಿಗೆಗೂ ಸ್ಟಾಕಿಗೂ ನಡುವೆ ತೂರಿಸಿ ಎಳೆಯುತ್ತಾರೆ. ಅದು ಎಲ್ಲೂ ತಡೆಯದೆ ಹಿಂದಿನವರೆಗೆ ಸರಿದರೆ ನಳಿಗೆ ಸ್ವತಂತ್ರವಾಗಿದೆ. ಸಿಕ್ಕಿಕೊಂಡ ಜಾಗವೇ ರೋಗದ ಜಾಗ. ಅಲ್ಲಿ ಹೆರೆದು ಸಂದು ಬಿಡಿಸುತ್ತಾರೆ, ಬಾಗುವ ಮುಂಭಾಗಕ್ಕೆ ಒಳಗಿಂದ ಎಪಾಕ್ಸಿ ತುಂಬಿ ಬಿಗಿ ಕೊಡುತ್ತಾರೆ.

ಮುಖ್ಯ ಕೆಲಸ ಇರುವುದು ನಳಿಗೆಯ ಬುಡದಲ್ಲಿ, ತೋಟಾ ಸಿಡಿಯುವ ಲೋಹದ ಭಾಗ ಕೂರುವ ಕಡೆ. ಅಲ್ಲಿ ಒಂಚೂರು ಸಡಿಲವಿದ್ದರೂ ಪ್ರತಿ ಈಡಿಗೆ ಅದು ಹೊಸ ಜಾಗದಲ್ಲಿ ಕೂರುತ್ತದೆ, ಕಾಲು ಕುಂಟುವ ಮೇಜಿನ ಹಾಗೆ. ಮೇಜಿನ ಕಾಲಿಗೆ ನಾವು ಕಾಗದ ಮಡಚಿ ಇಡುತ್ತೇವೆ. ಇಲ್ಲಿ ಮೆತ್ತನೆಯ ಎಪಾಕ್ಸಿ ಬಳಿದು, ಲೋಹವನ್ನು ಅದರಲ್ಲೇ ಕೂರಿಸಿ ಗಟ್ಟಿಯಾಗಲು ಬಿಡುತ್ತಾರೆ. ಲೋಹ ತನ್ನ ಹಾಸಿಗೆಯನ್ನು ತಾನೇ ಅಚ್ಚೊತ್ತಿಕೊಳ್ಳುತ್ತದೆ. ಇದಕ್ಕೆ ಬೆಡ್ಡಿಂಗ್ ಎನ್ನುತ್ತಾರೆ. ಸ್ಕ್ರೂ ಬಿಗಿದಾಗ ಪ್ಲಾಸ್ಟಿಕ್ ಅಮುಕಿ ಹೋಗದಿರಲೆಂದು ಅಲ್ಯೂಮಿನಿಯಂ ಕೊಳವೆಗಳನ್ನು ಕೂರಿಸಿ, ಪ್ರತಿ ಸಲವೂ ಅಳತೆ ನೋಡಿ ಒಂದೇ ಬಲದಲ್ಲಿ ಬಿಗಿಯುತ್ತಾರೆ. ಇದು ಮನೆಯಲ್ಲಿ ಕೂತು ಮಾಡುವ ಕೆಲಸವಲ್ಲ, ಪರವಾನಗಿ ಪಡೆದ ಕುಶಲಕರ್ಮಿಗಳದು.

ಇಷ್ಟೆಲ್ಲ ಮಾಡಿದ ಮೇಲೂ ಮೊದಲ ಐದು ಈಡು ಗುರಿಯ ಎಡಕ್ಕೆ ಬೀಳಬಹುದು. ಐದೂ ಒಂದೇ ಕಡೆ, ಒಂದು ರೂಪಾಯಿ ನಾಣ್ಯದಿಂದ ಮುಚ್ಚುವಷ್ಟು ಜಾಗದಲ್ಲಿ ಬಿದ್ದರೆ ಬಲ್ಲವರು ಹಿಗ್ಗುತ್ತಾರೆ. ಏಕೆಂದರೆ ಒಂದೇ ಕಡೆ ತಪ್ಪುವ ಕೋವಿಯನ್ನು ತಿದ್ದಲು ಗುರಿನೋಟದ ತಿರುಪನ್ನು ಒಂದಿಷ್ಟು ತಿರುಗಿಸಿದರೆ ಸಾಕು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊಡೆಯುವ ಕೋವಿಗೆ ಯಾವ ತಿರುಪೂ ಇಲ್ಲ. ಮರವೋ ಪ್ಲಾಸ್ಟಿಕ್ಕೋ, ಸ್ಟಾಕಿನಿಂದ ನಾವು ಕೇಳುವುದು ಇಷ್ಟೇ: ಮಳೆಯಲ್ಲೂ ಬಿಸಿಲಲ್ಲೂ ನಿನ್ನೆ ಇದ್ದ ಹಾಗೆಯೇ ಇರು.