ಶ್ರುತಿ ಮರೆಯದ ಕಿವಿ

ಕಮಲಾಪುರದ ಓದುಗರೊಬ್ಬರು ಫೋನ್ ಮಾಡಿದ್ದರು. ಮೊಮ್ಮಗಳ ಮೊಬೈಲಿನಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಸಂಗೀತದ ರೀಲ್ಸ್ ಕೇಳಿದರಂತೆ. “ಧಾಟಿ ಅದೇ ಅದ, ವಾದ್ಯಾನೂ ಅವೇ ಅವ. ಆದ್ರ ನಾ ಕೇಳಿದ್ದು ಇದಲ್ಲ ಅನಸ್ತದರಿ. ನನಗ ಸರಿಗಮ ಸುದ್ದಾ ಬರಂಗಿಲ್ಲ. ಇದು ವಯಸ್ಸಿನ ಭ್ರಮಿ ಏನ್ರಿ?”

ಅವರು ಕಳಿಸಿದ ತುಣುಕನ್ನೂ ಮೂಲ ಧ್ವನಿಮುದ್ರಣವನ್ನೂ ಹಾರ್ಮೋನಿಯಂ ಪೇಟಿ ಮುಂದಿಟ್ಟುಕೊಂಡು ಕೇಳಿದೆ. ರೀಲ್ಸ್‌ನ ಶ್ರುತಿ ಪೇಟಿಯ ಎರಡು ಮನೆ ಮೇಲಿತ್ತು. ಅವರ ಕಿವಿ ಸುಳ್ಳು ಹೇಳಿರಲಿಲ್ಲ.

ನಮ್ಮ ಕಡೆಯ ಭಜನೆಗಳಲ್ಲಿ ಕೂತವರಿಗೆ ಇದರ ಬೆರಗು ಬೇಗ ತಿಳಿಯುತ್ತದೆ. ಹಾಡುವವರು ಬಂದೊಡನೆ ಪೇಟಿ ಮಾಸ್ತರರು ಕೇಳುವುದು ‘ಯಾವ ಪಟ್ಟಿ?’ ಎಂದು. ಒಬ್ಬರಿಗೆ ಕರಿ ಒಂದು, ಇನ್ನೊಬ್ಬರಿಗೆ ಬಿಳಿ ನಾಲ್ಕು. ಕಂಠಕ್ಕೆ ತಕ್ಕಂತೆ ಪಟ್ಟಿ ಬದಲಾದರೂ ತತ್ವಪದ ಅದೇ. ಸ್ವರ ಸ್ವರದ ನಡುವಿನ ಅಂತರ ಕೆಡದಿದ್ದರೆ ಧಾಟಿ ಕೆಡುವುದಿಲ್ಲ. ಹಾಗಾಗಿ ಸಾಮಾನ್ಯರ ನೆನಪಿನಲ್ಲಿ ಉಳಿಯುವುದು ಈ ಅಂತರ ಮಾತ್ರ, ಪಟ್ಟಿಯನ್ನೇ ನೆನಪಿಡುವ ಕಿವಿ ಹತ್ತು ಸಾವಿರಕ್ಕೊಬ್ಬರಿಗೆ ಎಂದು ವಿಜ್ಞಾನಿಗಳು ಬಹುಕಾಲ ನಂಬಿದ್ದರು.

ಈ ನಂಬಿಕೆಯನ್ನು ಅಲುಗಿಸಿದವುಗಳಲ್ಲಿ ಟಿವಿ ಧಾರಾವಾಹಿಗಳೂ ಸೇರಿವೆ. 2003ರಲ್ಲಿ ಕೆನಡಾದ ಸಂಶೋಧಕರಾದ ಗ್ಲೆನ್ ಶೆಲೆನ್‌ಬರ್ಗ್ ಮತ್ತು ಸಾಂಡ್ರಾ ಟ್ರೆಹಬ್ ಅವರು, ಸಂಗೀತವನ್ನು ಅಷ್ಟಾಗಿ ಕಲಿಯದ ವಿದ್ಯಾರ್ಥಿಗಳಿಗೆ ಜನಪ್ರಿಯ ಧಾರಾವಾಹಿಗಳ ಶೀರ್ಷಿಕೆ ಸಂಗೀತವನ್ನು ಐದೈದು ಸೆಕೆಂಡ್ ಕೇಳಿಸಿದರು. ಒಮ್ಮೆ ಇದ್ದ ಶ್ರುತಿಯಲ್ಲೇ, ಒಮ್ಮೆ ಪೇಟಿಯ ಲೆಕ್ಕದಲ್ಲಿ ಒಂದೋ ಎರಡೋ ಮನೆ ಸರಿಸಿ. ಮೂಲ ಯಾವುದು? ಎರಡು ಮನೆ ಸರಿಸಿದಾಗ ನೂರಕ್ಕೆ 70 ಸಲ ಸರಿಯುತ್ತರ ಬಂತು. ಒಂದೇ ಮನೆ ಸರಿಸಿದಾಗ 58. ಸುಮ್ಮನೆ ಊಹಿಸಿದ್ದರೆ 50 ಬರಬೇಕಿತ್ತು. ಎಂದೂ ಕೇಳದ ಧಾರಾವಾಹಿಯ ಸಂಗೀತ ಹಾಕಿದರೆ ಆ ಊಹೆಯ ಮಟ್ಟಕ್ಕೇ ಇಳಿದರು. ಅಂದರೆ ಅವರು ನೆಚ್ಚಿದ್ದು ನೆನಪನ್ನೇ.

ಟಿವಿ ಸಂಗೀತವೇ ಏಕೆ? ತತ್ವಪದಕ್ಕೆ ಊರಿಗೊಂದು ಪಟ್ಟಿ, ಧಾರಾವಾಹಿಗೆ ಒಂದೇ. ಎಲ್. ವೈದ್ಯನಾಥನ್ ಒಮ್ಮೆ ಧ್ವನಿಮುದ್ರಿಸಿದ ‘ಮಾಲ್ಗುಡಿ ಡೇಸ್’ ಸಂಗೀತ ಪ್ರತಿ ಸಲವೂ ಅದೇ ಶ್ರುತಿಯಲ್ಲಿ ಮನೆಗೆ ಬಂತು. ಅದು ಕೇಳಿಸಿದರೆ ಕೈಲಿದ್ದ ಕೆಲಸ ಬಿಟ್ಟು ಓಡಿಬರುತ್ತಿದ್ದೆವು. ಹಾಗೆ ಕಾದು ಕೇಳಿದ್ದು ಗಟ್ಟಿಯಾಗಿ ಕೂರುತ್ತದೆ.

ನಮ್ಮ ಕಲಬುರಗಿಗೆ ಟಿವಿಯ ನೆನಪು ‘ಮಾಲ್ಗುಡಿ ಡೇಸ್’ಗಿಂತಲೂ ಹಳೆಯದು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ ಪ್ರಯೋಗದಲ್ಲಿ ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲೆಗಳ ಹಳ್ಳಿಗಳು ತಂತಿಬಲೆಯ ಹತ್ತಡಿ ಬುಟ್ಟಿಯೊಡ್ಡಿ ಉಪಗ್ರಹದಿಂದ ನೇರವಾಗಿ ಟಿವಿ ನೋಡಿದವು. 1977ರಲ್ಲಿ ಇಲ್ಲಿ ದೂರದರ್ಶನ ಕೇಂದ್ರವೇ ಬಂತು. ಬೆಂಗಳೂರು 1981ರವರೆಗೆ ಕಾಯಬೇಕಾಯಿತು.

ಸರಿ, ಇಂಥ ಹಳೆಯ ಸಂಗೀತ ಕೇಳಿದೊಡನೆ ಗಂಟಲು ಕಟ್ಟುವುದೇಕೆ? 2009ರಲ್ಲಿ ಸಂಶೋಧಕ ಪೀಟರ್ ಜನಾಟಾ ಯುವಜನರಿಗೆ ಅವರ ಬಾಲ್ಯ, ಹದಿಹರೆಯದ ಹಾಡುಗಳನ್ನು ಕೇಳಿಸುತ್ತ ಮಿದುಳಿನ ಚಟುವಟಿಕೆ ಅಳೆದರು. ಹಾಡು ಸ್ವಂತ ನೆನಪನ್ನು ಎಬ್ಬಿಸಿದಾಗ ಹಣೆಯ ಹಿಂದಿನ ಒಂದು ಭಾಗ ಹೆಚ್ಚು ಚುರುಕಾಯಿತು. ಸಂಗೀತ, ಭಾವನೆ, ನಮ್ಮ ಬದುಕಿನ ಘಟನೆಗಳು ಸೇರುವ ಕೂಡುದಾರಿ ಅದು ಎಂದರು ಜನಾಟಾ. ಆದರೆ ಹಳೆ ಹಾಡು ಕೇಳಿಸಿದರೆ ಮರೆವಿನ ಕಾಯಿಲೆ ವಾಸಿಯಾಗುತ್ತದೆ ಎಂಬ ವಾಟ್ಸಾಪ್ ಮಾತನ್ನು ನಂಬಬೇಡಿ. ಅದು ಮನಸ್ಸಿಗೆ ಹಿತ ಕೊಡಬಹುದು, ಕಾಯಿಲೆ ಕಳೆಯುವುದಿಲ್ಲ.

ಕಮಲಾಪುರದ ಹಿರಿಯರಿಗೆ ಒಂದು ಪರೀಕ್ಷೆ ಹೇಳಿದ್ದೇನೆ, ನೀವೂ ಮಾಡಿ. ಬೆಳಿಗ್ಗೆ ಯಾವ ಹಾಡೂ ಕಿವಿಗೆ ಬೀಳುವ ಮೊದಲು ‘ಮಾಲ್ಗುಡಿ ಡೇಸ್’ ಸಂಗೀತವನ್ನು ಗುನುಗಿ ಮೊಬೈಲಿನಲ್ಲಿ ಮುದ್ರಿಸಿಕೊಳ್ಳಿ. ಆಮೇಲೆ ಮೂಲವನ್ನು ಹಾಕಿ, ಎರಡನ್ನೂ ಪೇಟಿಯ ಮೇಲೆ ಹುಡುಕಿ. ಒಂದೆರಡು ಮನೆಯೊಳಗೆ ಬಂದಿದ್ದರೆ, ಅಂದಿನ ಪಟ್ಟಿ ಇನ್ನೂ ನಿಮ್ಮ ಕಿವಿಯಲ್ಲಿರಬಹುದು.