ತೊಟ್ಟಿಮನೆಯ ಮಂಚಕ್ಕೆ ಎರಡನೇ ಮನೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ಹಳೇ ಮನೆಗಳಲ್ಲಿ ಸಿಗುವ ಮರದ ಸಾಮಾನು ಎರಡು ಬಗೆಯದು. ತೊಟ್ಟಿಲು, ಉಯ್ಯಾಲೆ ಮಣೆ, ಒಡವೆ–ಪತ್ರಗಳ ಪೆಟ್ಟಿಗೆ, ಗಿಡ್ಡ ಕಾಲಿನ ಮಂಚ ಇವೆಲ್ಲ ಊರಿನ ಬಡಗಿ ಊರಿನ ಮರದಲ್ಲೇ ಮಾಡಿದವು. ಬೆತ್ತದ ಆರಾಮ ಕುರ್ಚಿ, ಖಾನೆಗಳಿರುವ ಬರವಣಿಗೆ ಮೇಜು, ಗಾಜಿನ ಬೀರು, ಸೊಳ್ಳೆಪರದೆ ಕಟ್ಟುವ ನಾಲ್ಕು ಕಂಬದ ಮಂಚ ಇವು ಕಚೇರಿ–ಬಂಗಲೆಗಳ ಬಳಕೆಯಿಂದ ಮನೆಯೊಳಕ್ಕೆ ಬಂದವು. ಮನೆ ಪಾಲಾದಾಗ, ತೊಟ್ಟಿ ಕೆಡವಿ ತಾರಸಿ ಹಾಕುವಾಗ ಎರಡೂ ಒಂದೇ ಗುಜರಿ ಲಾರಿ ಹತ್ತುತ್ತವೆ. ಲಾರಿಯವನು ಕೊಡುವುದು ಮರದ ಬೆಲೆ ಮಾತ್ರ. ವಸ್ತು ಯಾವುದು, ಯಾವ ಕಾಲದ್ದು ಎಂಬುದು ಅವನ ಲೆಕ್ಕಕ್ಕೆ ಬರುವುದಿಲ್ಲ.

ಗುರುತಿಸುವ ಕೆಲಸ ಮರದಿಂದಲೇ ಶುರುವಾಗುತ್ತದೆ. ಮೇಲಿನ ಬಣ್ಣ ನಂಬುವಂಥದ್ದಲ್ಲ. ಅರಗು, ಹೊಗೆ, ಕೈಜಿಡ್ಡು ಸೇರಿ ನೂರು ವರ್ಷದಲ್ಲಿ ಎಲ್ಲ ಮರವೂ ಒಂದೇ ಕಂದಾಗಿರುತ್ತದೆ. ಕಾಲಿನ ಅಡಿ, ಖಾನೆಯ ಒಳಮೈ, ಹಲಗೆಯ ಹಿಂಬದಿ ನೋಡಬೇಕು. ತೇಗಕ್ಕೆ ಎಣ್ಣೆ ಸವರಿದಂಥ ನುಣುಪು, ಚರ್ಮದ ವಾಸನೆ, ಅಡ್ಡ ಕೊಯ್ದ ತುದಿಯಲ್ಲಿ ಸ್ಪಷ್ಟವಾಗಿ ಕಾಣುವ ಬೆಳವಣಿಗೆಯ ಬಳೆಗಳು. ಬೀಟೆ ನೇರಳೆ ಛಾಯೆಯ ಕಂದು, ನಡುವೆ ಕಪ್ಪು ಗೆರೆ. ತೂಕದಲ್ಲೂ ವ್ಯತ್ಯಾಸ ಗೊತ್ತಾಗುತ್ತದೆ: ಒಣಗಿದ ತೇಗ ಘನಮೀಟರಿಗೆ ಸುಮಾರು 650 ಕಿಲೋ ತೂಗಿದರೆ ಬೀಟೆ 850ರ ಹತ್ತಿರ. ಹಲಸು ಕೊಯ್ದಾಗ ಹಳದಿ, ವರ್ಷ ಕಳೆದಂತೆ ಕೆಂಗಂದು. ಹೊನ್ನೆಗೆ ಸುಲಭದ ಪರೀಕ್ಷೆಯಿದೆ: ಕಾಣದ ಜಾಗದಿಂದ ಕೆರೆದ ಪುಡಿಯನ್ನು ಗಾಜಿನ ಲೋಟದ ನೀರಿಗೆ ಹಾಕಿ ಬೆಳಕಿಗೆ ಹಿಡಿದರೆ ನೀರು ನೀಲಿಯಾಗಿ ಮಿನುಗುತ್ತದೆ. ಬಯಲುಸೀಮೆಯ ಗಾಡಿ, ನೇಗಿಲುಗಳಿಗೆ ಬಳಕೆಯಾಗುತ್ತಿದ್ದ ಕರಿಜಾಲಿ ಮಂಚದ ಕಾಲಾಗಿ ಸಿಕ್ಕರೆ ಅದು ಸ್ಥಳೀಯ ಕೆಲಸವೆನ್ನಲು ಒಳ್ಳೆಯ ಸಾಕ್ಷಿ. ಇಷ್ಟಾದರೂ ಅನುಮಾನ ಉಳಿದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭವಾದ ಈ ಸಂಸ್ಥೆಯಲ್ಲಿ ಮರದ ಚೂರನ್ನು ಪರೀಕ್ಷಿಸಿ ಜಾತಿ ತಿಳಿಸುತ್ತಾರೆ.

ಮರ ಗೊತ್ತಾದ ಮೇಲೆ ಕಾಲ. ಕೈಗರಗಸದ ಗುರುತು ನೇರ, ಆದರೆ ಏರುಪೇರು. ಯಂತ್ರದ ಚಕ್ರಗರಗಸದ್ದು ಬಿಲ್ಲಿನಂತೆ ಬಾಗಿದ ಗೀರು. ಮೊಳೆ ಚೌಕಾಕಾರವಾಗಿ ಬಡಿದದ್ದಾದರೆ ಕಮ್ಮಾರನದು. ದುಂಡು ತಂತಿಮೊಳೆ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ಹೊತ್ತಿಗೆ. ಚೂಪು ತುದಿಯ ಸ್ಕ್ರೂ ಆ ಶತಮಾನದ ನಡುಭಾಗಕ್ಕಿಂತ ಹಿಂದಿನದಲ್ಲ, ತಲೆಯ ಮೇಲೆ ಅಡ್ಡಕತ್ತರಿ ಗೀರಿರುವುದು 1930ರ ದಶಕಕ್ಕಿಂತ ಹಿಂದಿನದಲ್ಲ. ಹೊಸ ಸ್ಕ್ರೂ ಕಂಡ ಮಾತ್ರಕ್ಕೆ ಮೇಜು ಹೊಸದಾಗುವುದಿಲ್ಲ, ಯಾರೋ ದುರಸ್ತಿ ಮಾಡಿರಬಹುದು. ಅದನ್ನು ಬಿಚ್ಚಿ, ಕೆಳಗೆ ಹಳೇ ಮೊಳೆಯ ತೂತಿದೆಯೇ ನೋಡಬೇಕು. ದುಂಡು ಮೇಜಿಗೆ ಇನ್ನೊಂದು ಪರೀಕ್ಷೆ: ಮರ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಕುಗ್ಗುವುದರಿಂದ ನಿಜವಾಗಿ ಹಳೆಯದಾದ ದುಂಡು ಹಲಗೆ ಈಗ ಪೂರ್ತಿ ದುಂಡಗಿರುವುದಿಲ್ಲ. ಎಳೆಯ ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಟೇಪು ಹಿಡಿದರೆ ವ್ಯತ್ಯಾಸ ಸಿಕ್ಕೇ ಸಿಗುತ್ತದೆ.

ಬರಹವಿದ್ದರೆ ಕೆಲಸ ಇನ್ನೂ ಸಲೀಸು. ಪಾಂಡವಪುರಕ್ಕೆ ಹೈದರ್–ಟಿಪ್ಪು ಕಾಲದ ಫ್ರೆಂಚ್ ಸೈನಿಕರಿಂದ ಫ್ರೆಂಚ್ ರಾಕ್ಸ್ ಎಂಬ ಹೆಸರಿತ್ತು, ಕೆ.ಆರ್. ಪೇಟೆ ಹಿಂದೆ ಅತ್ತಿಗುಪ್ಪೆಯಾಗಿತ್ತು; ವಸ್ತುವಿನ ಮೇಲೆ ಈ ಹಳೇ ಹೆಸರುಗಳಿದ್ದರೆ ಅದರ ಕಾಲಕ್ಕೆ ಸುಳಿವು ಸಿಗುತ್ತದೆ. ಈ ನಾಲ್ಕೂ ತಾಲ್ಲೂಕುಗಳು ಮಂಡ್ಯ ಜಿಲ್ಲೆಗೆ ಸೇರಿದ್ದು 1939ರಲ್ಲಿ. ಕಚೇರಿ ಮೇಜಿನ ಹಿಂಬದಿಯಲ್ಲಿ ಮೈಸೂರು ಜಿಲ್ಲೆ ಎಂಬ ಮುದ್ರೆಯ ಜೊತೆ ಇಲ್ಲಿನ ತಾಲ್ಲೂಕಿನ ಹೆಸರಿದ್ದರೆ ಅದು ಆ ವರ್ಷಕ್ಕಿಂತ ಹಿಂದಿನದು. ಬಾಗಿಸಿದ ಮರದ ಕುರ್ಚಿಯ ಸೀಟಿನಡಿ ಯುರೋಪಿನ ಚೀಟಿ ಅಂಟಿದ್ದರೆ ಅಚ್ಚರಿಪಡಬೇಕಿಲ್ಲ. ವಿಯೆನ್ನಾದ ಥೋನೆಟ್ ಕಂಪನಿ 1859ರಲ್ಲಿ ತಂದ 14ನೇ ನಂಬರಿನ ಕುರ್ಚಿ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ಟುಗಳಾಗಿ ಬಿಡಿಬಿಡಿಯಾಗಿ ಹಡಗೇರುತ್ತಿತ್ತು.

ದುರಸ್ತಿಯಲ್ಲಿ ಮೊದಲ ತಪ್ಪು ಸಾಮಾನ್ಯವಾಗಿ ಉಜ್ಜುಕಾಗದದಿಂದಲೇ ಆಗುತ್ತದೆ. ಹೊಳಪು ಬರಲೆಂದು ತೋಪಡ ಹಿಡಿದರೆ, ಯಂತ್ರದಲ್ಲಿ ಉಜ್ಜಿದರೆ ಮೇಲೆ ಹೇಳಿದ ಸಾಕ್ಷಿಗಳೆಲ್ಲ ಒಂದು ಬೆಳಗಿನಲ್ಲಿ ಹೊಟ್ಟಾಗಿ ಹೋಗುತ್ತವೆ. ಹಾಗಾಗಿ ಮೊದಲು ಧೂಳು ತೆಗೆದು, ಮೂಲೆಯಲ್ಲಿ ಒಂದು ಹನಿ ಸ್ಪಿರಿಟ್ ಹಾಕಿ ನೋಡುವುದು ಕ್ರಮ. ಮೈ ಮೆತ್ತಗಾಗಿ ಅಂಟಿದರೆ ಅದು ಅರಗಿನ ಪಾಲಿಶ್. ಅದನ್ನು ಪೂರ್ತಿ ಕಿತ್ತು ಹಾಕಬೇಕಿಲ್ಲ. ಅರಗಿನ ಚಕ್ಕೆಯನ್ನು ಸ್ಪಿರಿಟ್‌ನಲ್ಲಿ ಕರಗಿಸಿ, ಹತ್ತಿ ತುಂಬಿದ ಬಟ್ಟೆಯುಂಡೆಯಿಂದ ತೆಳುವಾಗಿ ಮತ್ತೆ ಮತ್ತೆ ಸವರಿದರೆ ಹಳೇ ಪದರವೇ ಹೊಸದರೊಂದಿಗೆ ಬೆರೆಯುತ್ತದೆ. ಹಸಿರು, ನೀಲಿ ಎನಾಮಲ್ ಬಳಿದ ಸಾಮಾನಿನ ಮಾತು ಬೇರೆ. ಹಳೇ ಬಣ್ಣದಲ್ಲಿ ಸೀಸ ಇರುವ ಸಾಧ್ಯತೆಯಿದೆ. ಅದನ್ನು ಒಣಗಿದ್ದಂತೆಯೇ ಉಜ್ಜಿ ಪುಡಿಯೆಬ್ಬಿಸಬಾರದು, ಮಕ್ಕಳಿರುವ ಮನೆಯಲ್ಲಂತೂ ಕೂಡದು.

ಕೀಲು ಸಡಿಲಾದ ಕುರ್ಚಿಗೆ ಮೊಳೆ ಹೊಡೆಯುವುದು ಈಗಿನ ವಾಡಿಕೆ, ಕುರ್ಚಿ ಸೀಳುವುದೂ ಅದರಿಂದಲೇ. ಹಿಂದಿನ ಬಡಗಿಗಳು ಬಳಸುತ್ತಿದ್ದುದು ಚರ್ಮ–ಮೂಳೆ ಬೇಯಿಸಿ ಮಾಡಿದ, ವಜ್ರ ಎಂದು ಕರೆಯುವ ಅಂಟು. ಬಿಸಿ, ತೇವ ತಾಗಿಸಿದರೆ ಅದು ಬಿಟ್ಟುಕೊಳ್ಳುತ್ತದೆ. ಕೀಲು ಬಿಚ್ಚಿ, ತೊಳೆದು, ಮತ್ತೆ ಕೂಡಿಸಬಹುದು. 1959ರಲ್ಲಿ ಬಂದ ಫೆವಿಕಾಲ್ ಗಟ್ಟಿಯೇನೋ ಹೌದು, ಆದರೆ ಮುಂದಿನ ಬಡಗಿಗೆ ದಾರಿ ಬಿಡುವುದಿಲ್ಲ. ಇಂದು ಕೂಡಿಸಿದ್ದನ್ನು ಐವತ್ತು ವರ್ಷದ ಮೇಲೆ ಇನ್ನೊಬ್ಬ ಬಿಚ್ಚುವಂತಿರಬೇಕು ಎಂಬ ಒಂದೇ ಮಾತು ಈ ಕಸುಬಿನ ಒಳ್ಳೆಯ ಕೆಲಸವನ್ನೂ ಕೆಟ್ಟ ಕೆಲಸವನ್ನೂ ಬೇರ್ಪಡಿಸುತ್ತದೆ.

ಸೂಜಿತೂತುಗಳಿಂದ ತಿಳಿಬಣ್ಣದ ಹುಡಿ ಉದುರುತ್ತಿದ್ದರೆ ಹುಳು ಇನ್ನೂ ಬದುಕಿದೆ. ಬೊರಾಕ್ಸ್–ಬೋರಿಕ್ ಆಮ್ಲದ ದ್ರಾವಣವನ್ನು ಪಾಲಿಶ್ ಇಲ್ಲದ ಒಳಮೈಗೆ ಬಳಿದು, ಸಿರಿಂಜಿನಿಂದ ತೂತಿಗೂ ಬಿಡುತ್ತಾರೆ. ಹುಳು ಸಾಯಲೆಂದು ಬಿಸಿಲಿಗಿಟ್ಟರೆ ಹಲಗೆ ಸೀಳುವುದೇ ಹೆಚ್ಚು. ತಿಂದುಹೋದ ಭಾಗಕ್ಕೆ ಅದೇ ಜಾತಿಯ ಮರದ ತೇಪೆ, ಎಳೆಗೆ ಎಳೆ ಹೊಂದುವಂತೆ. ಜೋಲುಬಿದ್ದ ಬೆತ್ತದ ಸೀಟು ಹರಿಯದಿದ್ದರೆ ಅಡಿಯಿಂದ ಬಿಸಿನೀರಿನ ಬಟ್ಟೆ ಒತ್ತಿ ನೆರಳಲ್ಲಿ ಒಣಗಿಸಿದರೆ ತಾನೇ ಬಿಗಿಯುತ್ತದೆ. ಕಳೆದುಹೋದ ಹಿತ್ತಾಳೆ ಹಿಡಿ, ಕೀಲುಪಟ್ಟಿಗಳಿಗೆ ಜೊತೆಯದನ್ನೇ ಮಾದರಿಯಾಗಿಟ್ಟು ಎರಕ ಹೊಯ್ಸಬಹುದು. ನಾಗಮಂಗಲ ಲೋಹದ ಎರಕಕ್ಕೆ ಹೆಸರಾದ ಊರು.

ಮರದ ವಸ್ತುವೊಂದು ಮನೆ ಬದಲಿಸಿದರೆ ಏನೇನಾಗುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣಕ್ಕಿಂತ ದೊಡ್ಡ ಉದಾಹರಣೆ ಬೇಕಿಲ್ಲ. 1799ರ ಮೇ 4ರಂದು ಕೋಟೆ ಬಿದ್ದ ಮೇಲೆ, ಮರಕ್ಕೆ ಚಿನ್ನದ ತಗಡು ಹೊದಿಸಿದ ಟಿಪ್ಪುವಿನ ಸಿಂಹಾಸನವನ್ನು ಗೆದ್ದವರು ಪಾಲಿಗಾಗಿ ತುಂಡರಿಸಿದರು. ಅದರ ಹುಲಿತಲೆ ಮತ್ತು ಹುಮಾ ಪಕ್ಷಿ ಈಗ ಇಂಗ್ಲೆಂಡಿನ ರಾಜಮನೆತನದ ಸಂಗ್ರಹದಲ್ಲಿವೆ. ಸೈನಿಕನ ಮೇಲೆರಗಿದ, ಟಿಪ್ಪುವಿನ ಮರದ ಹುಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಸೇರಿತು. ಎರಡನೇ ಮಹಾಯುದ್ಧದಲ್ಲಿ ಚಾವಣಿ ಕುಸಿದು ನೂರಾರು ಚೂರಾದ ಅದನ್ನು ಕೂಡಿಸಿ, 1947ರ ಹೊತ್ತಿಗೆ ಮತ್ತೆ ನೋಡಲು ಇಟ್ಟರು. ಚೂರು ಕೂಡಿತು, ಹೊಟ್ಟೆಯೊಳಗಿನ ವಾದ್ಯವನ್ನು ಮಾತ್ರ ಹಲವು ಸಲ ರಿಪೇರಿ ಮಾಡಿದ್ದರಿಂದ ಟಿಪ್ಪು ಕೇಳಿದ ದನಿ ಹೇಗಿತ್ತೆಂದು ಈಗ ಹೇಳುವುದು ಕಷ್ಟ. 1784ರ ದರಿಯಾ ದೌಲತ್ ತನ್ನ ತೇಗದ ಕಂಬಗಳೊಂದಿಗೆ ಇದ್ದಲ್ಲೇ ಉಳಿದದ್ದು ಪುಣ್ಯ.

ಮನೆಮಂಚಕ್ಕೆ ಹೊಸ ನೆಲೆ ಹುಡುಕುವವರು ಕಾನೂನನ್ನೂ ತಿಳಿದಿರಬೇಕು. 1972ರ ಪ್ರಾಚ್ಯವಸ್ತು ಕಾಯ್ದೆಯಡಿ ನೂರು ವರ್ಷ ದಾಟಿದ ಕಲಾವಸ್ತು, ಕೆತ್ತನೆ ಕೆಲಸಗಳನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ. ಬೀಟೆಯ ಅಂತರರಾಷ್ಟ್ರೀಯ ಸಾಗಣೆಗೆ, ಅಳಿವಿನಂಚಿನ ಜೀವಜಾತಿಗಳ ವ್ಯಾಪಾರ ಕುರಿತ ಸೈಟಿಸ್ ಒಪ್ಪಂದದ ಕಟ್ಟುಪಾಡೂ ಇದೆ. ಅಮೆರಿಕದಲ್ಲಿರುವ ಮಗನ ಮನೆಗೆ ಅಜ್ಜನ ಬೀಟೆ ಮೇಜು ಹಡಗಿನಲ್ಲಿ ಹೋಗುವುದು ಅಷ್ಟು ಸುಲಭವಲ್ಲ. ದೇವಸ್ಥಾನದಿಂದ ಬಂದ ವಾಹನ, ತೇರಿನ ಕೆತ್ತನೆ ಎಂದು ಯಾರಾದರೂ ಮಾರಲು ತಂದರೆ ಕೊಳ್ಳದಿರುವುದೇ ಲೇಸು.

ಊರಲ್ಲೇ ಬಳಸುವವರಿದ್ದರೆ ಅದಕ್ಕಿಂತ ಒಳ್ಳೆಯ ನೆಲೆಯಿಲ್ಲ. ಬೆಂಗಳೂರಿನ ಫ್ಲ್ಯಾಟಿಗೆ ಹೋಗುವುದಾದರೆ ಮೊದಲು ಲಿಫ್ಟು, ಬಾಗಿಲುಗಳ ಅಳತೆ, ಬಿಚ್ಚುವ ಮುನ್ನ ಕೀಲುಗಳಿಗೆ ಸೀಮೆಸುಣ್ಣದಲ್ಲಿ ನಂಬರು. ಎ.ಸಿ. ಗಾಳಿಗೆ ನೇರ ಇಟ್ಟರೆ ಹಲಗೆ ಬಾಯಿ ಬಿಡುತ್ತದೆ. ಮನೆಗಳಿಗೆ ಬೇಡವಾದದ್ದಕ್ಕೆ ಸಂಗ್ರಹಾಲಯಗಳಿವೆ. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಆರಂಭಿಸಿದ ಜಾನಪದ ಲೋಕದಲ್ಲಿ ಹಳ್ಳಿಮನೆಯ ಬಳಕೆಯ ಸಾಮಾನಿಗೇ ಜಾಗವಿದೆ. ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ ಜಯಲಕ್ಷ್ಮೀವಿಲಾಸದಲ್ಲಿದೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಇಡೀ ಮರದ ಮನೆಗಳನ್ನೇ ಬಿಚ್ಚಿ ತಂದು ಮತ್ತೆ ನಿಲ್ಲಿಸಿದರು. ಎಲ್ಲಿಗೆ ಕೊಟ್ಟರೂ ಒಂದು ಚೀಟಿ ಜೊತೆಗಿರಲಿ: ಯಾವ ಊರು, ಮನೆಯ ಯಾವ ಭಾಗದಲ್ಲಿತ್ತು, ಯಾವ ಮರ, ಏನು ದುರಸ್ತಿಯಾಗಿದೆ, ಯಾವ ವರ್ಷ. ಚೀಟಿಯನ್ನು ಖಾನೆಯ ಅಡಿಗೆ ಅಂಟಿಸಬಾರದು, ಲಕೋಟೆಯಲ್ಲಿಟ್ಟು ದಾರದಿಂದ ಕಟ್ಟಬೇಕು.